ತೆಂಕಲಿಗೆ ತಲೆ ಹಾಕಿದ ನಕ್ಷೆ

ಮಧುಗಿರಿ ಸೀಮೆಯಲ್ಲಿ ಓದು ಬಾರದವರು ಬೇಕಾದಷ್ಟು ಜನ ಸಿಗುತ್ತಾರೆ. ದಿಕ್ಕು ಗೊತ್ತಿಲ್ಲದವನು ಒಬ್ಬನೂ ಸಿಗುವುದಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತವನಿಗೆ ‘ವಸಿ ಪಡುವಲಾಗೆ ಸರ್ಕಳಪ್ಪ’ ಅನ್ನುತ್ತಾರೆ. ಬೆನ್ನು ತುರಿಸುವ ಹೆಂಡತಿಗೆ ಗಂಡ ‘ಅಲ್ಲಲ್ಲ ಕಣೆ, ಇನ್ನೊಂಚೂರು ತೆಂಕಲಾಗೆ’ ಅನ್ನುತ್ತಾನೆ. ಎಡ ಬಲ ಅನ್ನುವುದೇನಿದ್ದರೂ ನೇಗಿಲಿಗೆ ಕಟ್ಟಿದ ಎತ್ತುಗಳಿಗೆ. ಇಂಥ ಜನಕ್ಕೆ ದಿಕ್ಕು ತಪ್ಪಿಸಬೇಕಾದರೆ ಸಾಮಾನ್ಯ ವಸ್ತು ಸಾಲದು. ಸರ್ಕಾರದ ನಕ್ಷೆಯೇ ಬೇಕು.

ಎರಡನೆಯ ಮಹಾಯುದ್ಧದ ಐದನೆಯ ವರ್ಷದಲ್ಲಿ ಅದು ಜೋಡಿಗುಂಡಿನಹಳ್ಳಿಗೆ ಬಂತು.

ಜೋಡಿಗುಂಡಿನಹಳ್ಳಿ ಮಧುಗಿರಿಯಿಂದ ಏಳು ಮೈಲಿ. ಊರಿನ ಬಡಗಲಿಗೊಂದು ದೊಡ್ಡ ಕಲ್ಲುಗುಂಡು, ತೆಂಕಲಿಗೊಂದು ದೊಡ್ಡ ಗುಂಡು, ನಡುವೆ ಬಸವಣ್ಣನ ಗುಡಿ. ಮೂಡಲಿಗೆ ಕೆರೆ, ಪಡುವಲಿಗೆ ಕುಂಟೆ. ಬಡಗಲ ಗುಂಡಿನ ಬುಡದಲ್ಲಿ ಚನ್ನಮಲ್ಲಯ್ಯನವರ ಮನೆ. ತೆಂಕಲ ಗುಂಡಿನ ಬುಡದಲ್ಲಿ ಅವರ ತಂಗಿ ನಾಗರತ್ನಮ್ಮನ ಗಂಡ ನಂದೀಶ್ವರಯ್ಯನವರ ಮನೆ. ಬ್ರಹ್ಮ ಈ ಊರನ್ನು ಮಾಡಿ, ಮಸಿ ಆರುವ ಮೊದಲೇ ಮಧ್ಯಕ್ಕೆ ಮಡಿಸಿ ಒತ್ತಿದ ಹಾಗಿತ್ತು.

ಇಷ್ಟೆಲ್ಲ ಎರಡೆರಡು ಕೊಟ್ಟ ಬ್ರಹ್ಮ ಕುಡಿಯುವ ನೀರಿನ ಬಾವಿಯನ್ನು ಒಂದೂ ಕೊಟ್ಟಿರಲಿಲ್ಲ. ಕೆರೆಯ ನೀರು ದನಕ್ಕೆ, ಕುಂಟೆಯ ನೀರು ಬಟ್ಟೆಗೆ. ಬಾಯಿಗೆ ಬಿಡುವ ನೀರಿಗೆ ಹೆಂಗಸರು ಒಂದೂವರೆ ಮೈಲಿ ನಡೆದು ಹುಣಸೆಪಾಳ್ಯದ ಬಾವಿಗೆ ಹೋಗಬೇಕಾಗಿತ್ತು. ಅಲ್ಲಿಯ ಹೆಂಗಸರು ನೀರು ಕೊಡುತ್ತಿದ್ದರು. ಆದರೆ ಮಾತಿಲ್ಲದೆ ಕೊಡುತ್ತಿರಲಿಲ್ಲ. “ನಿಮ್ಮೂರಾಗೆ ಎಲ್ಡು ಗುಂಡು ಐತಲ್ರಮ್ಮ, ಹಿಂಡ್ಕಂಡು ಕುಡೀಬಾರ್ದಾ?”

ಹನ್ನೆರಡು ವರ್ಷ ಅರ್ಜಿ ಹಾಕಿದ ಮೇಲೆ ಸರ್ಕಾರಕ್ಕೆ ಬಾಯಾರಿಕೆಯ ಅರ್ಥವಾಯಿತು. ಒಬ್ಬ ಓವರ್ಸಿಯರ್ ಬಂದು ಊರನ್ನೆಲ್ಲ ಸುತ್ತಿ, ಹನ್ನೆರಡು ಕಡೆ ಕಡ್ಡಿ ಊರಿ, ಒಂದರ ಬಗ್ಗೆಯೂ ಏನೂ ಹೇಳದೆ, ಎರಡು ಎಳನೀರು ಕುಡಿದು ಹೋದರು. ನಾಲ್ಕು ತಿಂಗಳ ಮೇಲೆ ಅಮಲ್ದಾರರ ಕಚೇರಿಯ ದಲಾಯತ ತಗಡಿನ ಕೊಳವೆಯೊಂದನ್ನು ತಂದು ಗುಡಿಯ ಜಗಲಿಯ ಮೇಲಿಟ್ಟ. ಒಳಗೆ ಒಂದು ಹುಕುಂ, ಒಂದು ನಕ್ಷೆ. ಹುಕುಂ ಕನ್ನಡದಲ್ಲಿತ್ತು. ಸ್ಕೂಲಿನ ಪರ್ವತಯ್ಯ ಮೇಷ್ಟ್ರು ಎದ್ದು ನಿಂತು ಓದಿದರು:

“ಲಗತ್ತಾದ ನಕ್ಷೆಯಲ್ಲಿ ಕೆಂಪು ಗುರುತಿರುವ ಸ್ಥಳದಲ್ಲಿ ಗ್ರಾಮಸ್ಥರು ಆಳುದ್ದ ಗುಂಡಿ ತೋಡಿ ತಯಾರಿಡತಕ್ಕದ್ದು. ಹದಿನೈದನೆಯ ದಿವಸ ತನಿಖೆ ನಡೆಯುವುದು. ತಪ್ಪಿದಲ್ಲಿ ಸದರಿ ಬಾವಿಯನ್ನು ಹುಣಸೆಪಾಳ್ಯಕ್ಕೆ ಮಂಜೂರು ಮಾಡಲಾಗುವುದು.”

“ಅವರಿಗೆ ಬಾವಿ ಐತಲ್ಲಪ್ಪ!” ಎಂದರು ಪಟೇಲ ಶಂಕರಲಿಂಗಪ್ಪನವರು.

“ಇರೋರಿಗೇ ಕೊಟ್ರೆ ಸರ್ಕಾರಕ್ಕೆ ಜಾಗ ಹುಡ್ಕೋ ಕಷ್ಟ ಇಲ್ಲ ನೋಡಿ,” ಎಂದ ಕುರಿ ಕಾಯುವ ಜುಂಜಪ್ಪ.

ನಕ್ಷೆ ನೋಡಬೇಕಾದವರು ಶಾನುಭೋಗರು. ಅವರು ಜಮಾಬಂದಿಯೆಂದು ತುಮಕೂರಿಗೆ ಹೋಗಿದ್ದರು. ಜಮಾಬಂದಿ ಯಾವಾಗ ಮುಗಿಯುತ್ತದೆ ಎನ್ನುವುದು ಅವರ ಹೆಂಡತಿಗೂ ಗೊತ್ತಿರಲಿಲ್ಲ. “ಯಾರಿಗ್ರಪ್ಪ ನಕ್ಷೆ ಬತ್ತೈತೆ?” ಎಂದು ಪಟೇಲರು ಸುತ್ತ ನೋಡಿದರು. ಆಗ ನಂದೀಶ್ವರಯ್ಯನವರು ಕೆಮ್ಮಿದರು. ಲೋಕದ ದೊಡ್ಡ ಅನಾಹುತಗಳೆಲ್ಲ ಇಂಥ ಒಂದು ಸಣ್ಣ ಕೆಮ್ಮಿನಿಂದಲೇ ಶುರುವಾಗಿರುವುದು.

“ನಾನು ಸರ್ವೇಲಿ ಇದ್ದೋನು,” ಎಂದರು.

ಇದು ಸುಳ್ಳಲ್ಲ. ಹದಿನೆಂಟು ವರ್ಷದ ಹಿಂದೆ ಮೋಜಣಿ ನಡೆದಾಗ ನಂದೀಶ್ವರಯ್ಯನವರು ಹನ್ನೊಂದು ದಿನ ಸರ್ವೆ ಪಾರ್ಟಿಯ ಜೊತೆ ತಿರುಗಿ ಛತ್ರಿ ಹಿಡಿದಿದ್ದರು. ಛತ್ರಿ ಸರ್ವೆಯರಿಗಲ್ಲ, ಮುಕ್ಕಾಲಿಯ ಮೇಲಿನ ದುರ್ಬೀನಿಗೆ. ಬಿಸಿಲು ಬಿದ್ದರೆ ಅದು ಸುಳ್ಳು ಹೇಳುತ್ತದಂತೆ. ನೆರಳಲ್ಲಿದ್ದವರು ಮಾತ್ರ ನಿಜ ಹೇಳುವ ಇಲಾಖೆ ಅದು. ಆ ಹನ್ನೊಂದು ದಿನದಲ್ಲಿ ಅವರು ಕಲಿತದ್ದು ಒಂದೇ ಸೂತ್ರ: ‘ನಕ್ಷೆಯಲ್ಲಿ ಬಾಣ ಇರುವ ಕಡೆಯೇ ತಲೆ, ತಲೆ ಇರುವ ಕಡೆಯೇ ಉತ್ತರ.’ ಸೂತ್ರ ಸರಿಯಾಗಿಯೇ ಇತ್ತು. ಕೆಟ್ಟದ್ದು ಮುಂದಿನ ಕಥೆ.

ಅವರು ಜಗಲಿಯ ಮೇಲೆ ಕಂಬಳಿ ಹಾಸಿಸಿ, ಸುರುಳಿ ಬಿಚ್ಚಿ, ಬಾಣ ಹುಡುಕಿ, ಅದನ್ನು ಬಡಗಲಿಗೆ ಮಾಡಿ ನಕ್ಷೆಯನ್ನು ಮಲಗಿಸಹೊರಟರು.

“ಇದ್ಯಾಕಪ್ಪ ಬಾಣ?” ಎಂದಳು ಕಂಬದ ಪಕ್ಕ ಕೂತಿದ್ದ ಅಶ್ವತ್ಥಮ್ಮಜ್ಜಿ. ಊರಿನ ಹೆರಿಗೆ, ಸಾವು, ಶಕುನಗಳೆಲ್ಲ ಅವಳ ಆಡಳಿತಕ್ಕೆ ಸೇರಿದ್ದವು.

“ಅದು ನಕ್ಷೆ ತಲೆ ಅಜ್ಜಿ.”

“ಅಂಗಾರೆ ಇದು ಕಾಲು. ಏನು ಬರ್ದವ್ರೆ ಇದರಾಗೆ?”

“ನಮ್ಮೂರು.”

ಅಜ್ಜಿ ಎದೆ ಬಡಿದುಕೊಂಡು ಎದ್ದಳು. “ಅಯ್ಯೋ ನಿನ್ ಬುದ್ಧಿಗಿಷ್ಟು! ಊರಿಗೆ ಊರನ್ನೇ ಬಡುಗ್ಲಾಗೆ ತಲೆ ಮಾಡಿ ಮಲಗ್ಸ್ತಾ ಇದೀಯಲ್ಲೋ! ಮಕ್ಕಳುಮರಿ ಇರೋ ಊರು ಕಣೋ! ಬಡುಗ್ಲಾಗೆ ತಲೆ ಹಾಕಿ ಮಲಗೋರ್ಯಾರು?”

ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂಬುದು ಕೈಗೂಸಿಗೂ ಗೊತ್ತು. ಪಟೇಲರ ತಮ್ಮ ಜ್ವರದ ಗಲಾಟೆಯಲ್ಲಿ ಒಂದೇ ಒಂದು ಮಧ್ಯಾಹ್ನ ಹಾಗೆ ಮಲಗಿದ್ದ. ಆ ವರ್ಷವೇ ಅವನ ಎತ್ತು ಸತ್ತಿತು. “ಅಜ್ಜಿ ಹೇಳೋದು ದಿಟ ಕಣಯ್ಯ. ತಿರುಗ್ಸು,” ಎಂದರು ಪಟೇಲರು.

ನಂದೀಶ್ವರಯ್ಯನವರು ಅರೆಗಳಿಗೆ ಯೋಚಿಸಿದರು. ಒಂದು ಕಡೆ ಹನ್ನೊಂದು ದಿನದ ವಿದ್ಯೆ, ಇನ್ನೊಂದು ಕಡೆ ಇಡೀ ಊರು. ವಿದ್ಯಾವಂತರು ಇಂಥ ಕಡೆ ಏನು ಮಾಡುತ್ತಾರೋ ಅವರೂ ಅದನ್ನೇ ಮಾಡಿದರು: ತಿರುಗಿಸಿ, ತಿರುಗಿಸಿದ್ದಕ್ಕೊಂದು ಸಿದ್ಧಾಂತ ಕೊಟ್ಟರು. “ಗೋಡೆಗೆ ತೂಗುಹಾಕಿದರೆ ಒಂದು ಲೆಕ್ಕ, ಮಲಗಿಸಿದರೆ ಒಂದು ಲೆಕ್ಕ. ಮಲಗಿಸಿದಾಗ ಮನುಷ್ಯರ ಶಾಸ್ತ್ರವೇ ನಕ್ಷೆಗೂ ಅನ್ವಯ.”

ಹೀಗೆ ಜೋಡಿಗುಂಡಿನಹಳ್ಳಿ ತೆಂಕಲಿಗೆ ತಲೆ ಹಾಕಿ, ಬಡಗಲಿಗೆ ಕಾಲು ಚಾಚಿ ನೆಮ್ಮದಿಯಾಗಿ ಮಲಗಿತು.

ಆಶ್ಚರ್ಯವೆಂದರೆ ನಕ್ಷೆ ಸರಿಯಾಗಿ ಕೂತಿತು. ಅಲ್ಲಿ ಗುಂಡು, ಇಲ್ಲಿ ಗುಂಡು, ನಡುವೆ ಗುಡಿ, ಆ ಕಡೆ ಈ ಕಡೆ ನೀರು. ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಬರುತ್ತದೆಂದು ಊರಿಗೆಲ್ಲ ನಂಬಿಕೆಯಿದ್ದದ್ದು ಪರ್ವತಯ್ಯ ಮೇಷ್ಟ್ರ ಮೇಲೆ; ಆ ನಂಬಿಕೆಯನ್ನು ಅವರೇ ಬಹಳ ಜೋಪಾನವಾಗಿ ಸಾಕಿದ್ದರು. ಈಗ ಬಗ್ಗಿ ನೋಡಿದರು. ಓ, ಎಸ್, ಎಕ್ಸ್ ಇವು ಮೂರು ಬಿಟ್ಟರೆ ಯಾವ ಅಕ್ಷರದ ಗುರುತೂ ಸಿಗಲಿಲ್ಲ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

“ಇದು ಇಂಗ್ಲಿಷ್ ಅಲ್ಲ. ಅದರ ದಾಯಾದಿ ಭಾಷೆ. ಲ್ಯಾಟಿನ್ನು. ದೊಡ್ಡ ಇಂಜಿನಿಯರುಗಳು ಗುಟ್ಟಿನ ವಿಷಯವನ್ನು ಲ್ಯಾಟಿನ್ನಿನಲ್ಲೇ ಬರೆಯೋದು.”

ಬಾವಿಯಲ್ಲಿ ಗುಟ್ಟೇನಿದೆ ಎಂದು ಯಾರೂ ಕೇಳಲಿಲ್ಲ. ಯುದ್ಧದ ಕಾಲ, ಎಲ್ಲದರಲ್ಲೂ ಗುಟ್ಟಿತ್ತು.

ಜುಂಜಪ್ಪ ಮಾತ್ರ ಕೋಲಿನ ಮೇಲೆ ಗಲ್ಲ ಊರಿ ಬಗ್ಗಿದವನು ಬಗ್ಗಿಯೇ ಇದ್ದ. “ಸ್ವಾಮೇರ, ಮೂಡಲಾಗಿರೋ ಕೆರೆ ದೊಡ್ಡದು, ಪಡುವಲ ಕುಂಟೆ ಚಿಕ್ಕದು. ಇದರಾಗೆ ಮೂಡಲಾಗಿರೋದೇ ಚಿಕ್ಕದಾಗಿ ಕಾಣ್ತೈತಲ್ಲ?”

“ಮೋಜಣಿ ನಡೆದದ್ದು ಬೇಸಗೇಲಿ. ಕೆರೆ ಬತ್ತಿತ್ತು,” ಎಂದರು ನಂದೀಶ್ವರಯ್ಯ.

“ಕುಂಟೆ ಯಾಕೆ ದೊಡ್ಡದಾಯ್ತು?”

“ಕೆರೆ ನೀರೆಲ್ಲ ಅಲ್ಲಿಗೆ ಹೋಗಿರಬೇಕು. ಸರ್ಕಾರದ ಕಾಗದಕ್ಕಿಂತ ನಿನ್ನ ಕುರಿಗೆ ಹೆಚ್ಚು ಗೊತ್ತೇನಯ್ಯ?”

“ಗೊತ್ತು ಸ್ವಾಮಿ. ಅವು ಓದಿಲ್ಲ ನೋಡಿ.”

ಜುಂಜಪ್ಪನನ್ನು ಗದರಿಸಿ ಆಚೆ ಕಳಿಸಿದ ಮೇಲೆ ಅಳತೆ ಶುರುವಾಯಿತು. ಕೆಂಪು ಗುರುತು ಇದ್ದದ್ದು ಬಡಗಲ ಗುಂಡಿನ ಬುಡದಲ್ಲಿ, ಗುಂಡಿನಿಂದ ಅರ್ಧ ಬೆರಳು ದೂರಕ್ಕೆ. ಯಾರ ಬೆರಳು ಎಂದು ಚರ್ಚೆಯಾಯಿತು. ಪಟೇಲರ ಬೆರಳಿಟ್ಟರೆ ಚನ್ನಮಲ್ಲಯ್ಯನವರ ಇಡೀ ಮನೆಯೇ ಬಾವಿಯೊಳಗೆ ಹೋಗುತ್ತಿತ್ತು. ಆದ್ದರಿಂದ ಮೇಷ್ಟ್ರ ಸಣಕಲು ಬೆರಳನ್ನು ಸರ್ಕಾರಿ ಅಳತೆಯೆಂದು ಒಪ್ಪಿಕೊಳ್ಳಲಾಯಿತು. ಆ ಪ್ರಕಾರ ಗುರುತು ಚನ್ನಮಲ್ಲಯ್ಯನವರ ಕೊಟ್ಟಿಗೆಯ ನಟ್ಟನಡುವೆ ಬಿತ್ತು.

“ಭಾವ, ನಿಮ್ಮ ಪುಣ್ಯ! ಸರ್ಕಾರದ ಬಾವಿ ನಿಮ್ಮ ಕೊಟ್ಟಿಗೆಗೇ ಬಂತು,” ಎಂದರು ನಂದೀಶ್ವರಯ್ಯ.

ಇಂಥ ಪುಣ್ಯ ಬಂದರೆ ಮನುಷ್ಯ ಮುಖ ಅರಳಿಸಬೇಕು. ಚನ್ನಮಲ್ಲಯ್ಯನವರ ಮುಖ ಹರಳೆಣ್ಣೆ ಕುಡಿದಂತಾಯಿತು. “ಕೊಟ್ಟಿಗೇಲಿ ಬೇಡ ಭಾವ. ಹಸು ಗಬ್ಬವಾಗೈತೆ.”

“ಹಸು ಈಚೆ ಕಟ್ಟಾನ.”

“ಅದಕ್ಕೆ ಆ ಜಾಗವೇ ಬೇಕು. ಬೇಕಾದ್ರೆ ನಡುಮನೆ ಅಗೀರಿ. ದೇವರಕೋಣೆ ಅಗೀರಿ. ನಾನು ಮಲಗೋ ಜಾಗ ಅಗೀರಿ. ಕೊಟ್ಟಿಗೆ ಒಂದು ಬಿಟ್ಬುಡ್ರಪ್ಪ!”

ದೇವರಕೋಣೆಯನ್ನೇ ಬಿಟ್ಟುಕೊಡುವವನು ಸಗಣಿಯ ನೆಲಕ್ಕೆ ಹೀಗೆ ಅಂಟಿಕೊಂಡದ್ದು ಊರಿಗೆ ಅರ್ಥವಾಗಲಿಲ್ಲ. ಮುಂದಿನ ಹನ್ನೆರಡು ದಿನ ಚನ್ನಮಲ್ಲಯ್ಯನವರ ಕಡೆಯವರು ನಂದೀಶ್ವರಯ್ಯನವರ ಮನೆಗೆ ಎಡತಾಕಿದರು. ಒಬ್ಬರು ಒಂದು ಗಿಂಡಿ ತುಪ್ಪ ತಂದು, ಗುರುತನ್ನು ರಾಗಿಕಾಳಿನಷ್ಟು ಪಡುವಲಿಗೆ ಸರಿಸಬಹುದೇ ಎಂದು ಕೇಳಿದರು. ಇನ್ನೊಬ್ಬರು ಬೆಲ್ಲದಚ್ಚು ತಂದು, ಗುರುತು ನೊಣ ಕೂತ ಕಲೆಯಿರಬಹುದಲ್ಲವೇ ಎಂದು ಸೂಚಿಸಿದರು. ನಂದೀಶ್ವರಯ್ಯನವರು ತುಪ್ಪ ಬೆಲ್ಲಗಳನ್ನು ಒಳಕ್ಕೆ ಕಳಿಸಿ, ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: “ಕಾಗದದ ಮೇಲೆ ಒಂದು ನೂಲು ಸರಿದರೆ ನೆಲದ ಮೇಲೆ ಒಂದು ಹೊಲ ಸರಿಯುತ್ತೆ. ವಿದ್ಯೆಗೆ ದಾಕ್ಷಿಣ್ಯ ಇಲ್ಲ.” ಹದಿನೆಂಟು ವರ್ಷದ ಹಿಂದಿನ ಛತ್ರಿಯನ್ನು ಅಟ್ಟದಿಂದ ಇಳಿಸಿ, ನೆರಳಲ್ಲೂ ಬಿಚ್ಚಿ ಹಿಡಿದು ಓಡಾಡತೊಡಗಿದರು.

ನಾಗರತ್ನಮ್ಮ ಹುಣಸೆಪಾಳ್ಯದಿಂದ ತಂದ ಎರಡು ಕೊಡ ಇಳಿಸುತ್ತ ಕೇಳಿದಳು: “ನಮ್ಮಣ್ಣನ ಕೊಟ್ಟಿಗೇನೇ ಬೇಕಾಗಿತ್ತಾ ನಿಮ್ಮ ವಿದ್ಯೆಗೆ?”

“ನಾನೇನೇ ಮಾಡಲಿ, ನಕ್ಷೆ ಹೇಳುತ್ತೆ.”

“ನಕ್ಷೆ ಇನ್ನೇನೇನು ಹೇಳ್ತೈತೋ. ನಮ್ಮ ಹಿತ್ತಲ ಕಡೆ ಮಾತ್ರ ತಿರುಗದ ಹಂಗೆ ನೋಡ್ಕಳ್ಳಿ.”

“ಹಿತ್ತಿಲು ಇರೋದು ತೆಂಕಲಾಗೆ. ಗುರುತು ಇರೋದು ಬಡುಗ್ಲಾಗೆ. ನಕ್ಷೆ ನಡೆದು ಬರುತ್ತೇನೆ?” ಎಂದು ಅವರು ನಕ್ಕರು.

ಹದಿನಾಲ್ಕನೆಯ ದಿನ ಪಟೇಲರ ತಾಳ್ಮೆ ಮುಗಿಯಿತು. ಹಸುವನ್ನು ಈಚೆ ಎಳೆದು ಕಟ್ಟಿದರು. ಚನ್ನಮಲ್ಲಯ್ಯನವರು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಮಲಗಿದರು, ಆ ಸಂಕಟದಲ್ಲೂ ತಲೆಯನ್ನು ತೆಂಕಲಿಗೇ ಮಾಡಿಕೊಂಡು. ನಾಲ್ಕು ಜನ ಅವರನ್ನು ಮರ್ಯಾದೆಯಿಂದ ಎತ್ತಿ ಜಗಲಿಯ ಮೇಲಿಟ್ಟು ಹಾರೆ ಹಿಡಿದರು. ಅವತ್ತಿಗೆ ಮೊಣಕಾಲುದ್ದ ಇಳಿಯಿತು. ಮಾರನೆಯ ಬೆಳಗ್ಗೆ ಹಾರೆ ಕಲ್ಲಿಗೆ ತಾಕಿ ಠಣ್ ಎಂದಿತು. ಚಪ್ಪಡಿ. ಎತ್ತಿ ಸರಿಸಿದರೆ ಕೆಳಗೆ ಕತ್ತಲೆ, ಕತ್ತಲೆಯಿಂದ ಮೇಲಕ್ಕೆ ಬೆಚ್ಚಗಿನ ರಾಗಿಯ ವಾಸನೆ.

ಹಗೇವು! ಬಾಯಿಮಟ್ಟ ರಾಗಿ ತುಂಬಿದ ನೆಲಗಣಜ.

ಇಲ್ಲಿ ಒಂದು ಮಾತು ಹೇಳಬೇಕು. ಯುದ್ಧಕ್ಕೆಂದು ಸರ್ಕಾರ ಮನೆಯಲ್ಲಿ ಮಿಕ್ಕ ರಾಗಿಯನ್ನು ಲೆವಿಯೆಂದು ಎತ್ತುತ್ತಿದ್ದ ಕಾಲ. ಹಿಂದಿನ ತಿಂಗಳು ತಾನೇ ಊರಿನ ದೊಡ್ಡ ಕುಳಗಳೆಲ್ಲ ಸಾಲಾಗಿ ಬಸವಣ್ಣನ ಮುಂದೆ ನಿಂತು, ‘ನಮ್ಮ ಮನೆಗಳಲ್ಲಿ ಉಣ್ಣುವಷ್ಟು ಬಿಟ್ಟು ಕಾಳಿಲ್ಲ, ನಮ್ಮ ಊರಿನಲ್ಲಿ ಹಗೇವೇ ಇಲ್ಲ’ ಎಂದು ಅಮಲ್ದಾರರೆದುರಿಗೆ ಆಣೆ ಇಟ್ಟಿದ್ದರು. ಬಸವಣ್ಣ ಎಂದಿನಂತೆ ಸುಮ್ಮನಿದ್ದ.

ಚಪ್ಪಡಿಯನ್ನು ತಿರುಗಿ ಮುಚ್ಚಬೇಕು ಅನ್ನುವಷ್ಟರಲ್ಲಿ ಗಂಟೆ ಸದ್ದು ಮಾಡುತ್ತ ಕಮಾನುಗಾಡಿ ಬಂತು. ಅಮಲ್ದಾರರು, ಓವರ್ಸಿಯರ್, ದಲಾಯತ. ಹಿಂದೆಯೇ ಹುಣಸೆಪಾಳ್ಯದ ಹತ್ತು ಜನ, ಬಾವಿ ತಮಗೆ ಬಂದರೆ ಹಾಕಲೆಂದು ಕನಕಾಂಬರದ ಹಾರ ಹಿಡಿದುಕೊಂಡು.

ಅಮಲ್ದಾರರು ಕೊಟ್ಟಿಗೆಗೆ ಬಂದು, ಗುಂಡಿಯೊಳಕ್ಕೆ ಬಗ್ಗಿದರು.

“ಬಗ್ಗಬ್ಯಾಡಿ ಸ್ವಾಮಿ!” ಎಂದು ಇಪ್ಪತ್ತು ಜನ ಒಟ್ಟಿಗೇ ಕೂಗಿದರು. “ಹಗೇವಿನ ಗಾಳಿ ಕೆಟ್ಟಿರ್ತೈತೆ!” “ಒಂದಿನ ಬಾಯಿ ತೆಗ್ದು ಬುಡಬೇಕು!” “ಮೊದ್ಲು ದೀಪ ಇಳಿಬುಟ್ಟು ನೋಡ್ಬೇಕು, ಆರಿದ್ರೆ ಇಳೀಬಾರ್ದು!”

ಅಮಲ್ದಾರರು ನಿಧಾನವಾಗಿ ತಲೆಯೆತ್ತಿದರು. “ಹಗೇವೇ ಇಲ್ಲದ ಊರಿನವರಿಗೆ ಎಷ್ಟು ಚೆನ್ನಾಗಿ ಗೊತ್ತಿದೆ!”

ಇಪ್ಪತ್ತು ಜನವೂ ಚನ್ನಮಲ್ಲಯ್ಯನವರ ಕಡೆ ತಿರುಗಿದರು.

“ಮುತ್ತಜ್ಜನ ಕಾಲದ್ದಿರಬೇಕು ಸ್ವಾಮಿ, ನನಗೇ ಗೊತ್ತಿಲ್ಲ,” ಎಂದರು ಚನ್ನಮಲ್ಲಯ್ಯ. ದಲಾಯತ ಉದ್ದನೆಯ ಕೋಲಿಗೆ ಸೌಟು ಕಟ್ಟಿ ಮೊಗೆದು ಕೊಟ್ಟ ಕಾಳನ್ನು ಅಮಲ್ದಾರರು ಅಗಿದು ನೋಡಿ, “ನಿಮ್ಮ ಮುತ್ತಜ್ಜ ಹೋದ ಸುಗ್ಗಿಯವರೆಗೂ ಇದ್ದರು ಅಂತ ಕಾಣುತ್ತೆ,” ಎಂದು, ರಾಗಿಯನ್ನೆಲ್ಲ ಡಿಪೋಗೆ ಸಾಗಿಸಲು ಹುಕುಂ ಮಾಡಿದರು. ಆಮೇಲೆ ಕೇಳಿದರು: “ಈ ಜಾಗ ತೋರಿಸಿದವರು ಯಾರು?”

ನಂದೀಶ್ವರಯ್ಯನವರು ಛತ್ರಿ ಮಡಿಸಿ ಮುಂದೆ ಬಂದು, ಕಂಬಳಿಯ ಮೇಲೆ ನಕ್ಷೆ ಮಲಗಿಸಿದರು. ಅಮಲ್ದಾರರು ನೋಡಿ “ಸರಿಯಾಗಿದೆ” ಎಂದರು. ಅವರು ಯಾವ ಕಾಗದ ನೋಡಿದರೂ ಮೊದಲು ಹಾಗೆ ಅನ್ನುತ್ತಿದ್ದರು.

ಓವರ್ಸಿಯರ್ ಬಗ್ಗಿ ನೋಡಿದರು. ಕತ್ತು ಈ ಕಡೆ ಸೊಟ್ಟ ಮಾಡಿದರು, ಆ ಕಡೆ ಸೊಟ್ಟ ಮಾಡಿದರು. “ಇದೇನ್ರೀ ಇದು? ಊರನ್ನೇ ತಲೆಕೆಳಗು ಮಾಡಿ ಇಟ್ಟಿದ್ದೀರಲ್ರೀ! ಉತ್ತರ ಉತ್ತರಕ್ಕಿರಬೇಡವೇ?” ಎಂದು ನಕ್ಷೆಯನ್ನು ಗರ್ರನೆ ತಿರುಗಿಸಿದರು. ಲ್ಯಾಟಿನ್ನು ಒಂದೇ ಏಟಿಗೆ ಇಂಗ್ಲಿಷಾಯಿತು. ಪರ್ವತಯ್ಯ ಮೇಷ್ಟ್ರಿಗೆ ಸ್ಕೂಲಿನಲ್ಲಿ ಏನೋ ತುರ್ತು ಕೆಲಸ ನೆನಪಾಯಿತು.

“ಗುರುತು ಇರೋದು ತೆಂಕಲ ಗುಂಡಿನ ಬುಡದಲ್ಲಿ. ಗ್ರಾಮಠಾಣದ ಬಯಲು.”

“ಅಲ್ಲಿ ಬಯಲೆಲ್ಲೈತೆ ಸ್ವಾಮಿ?” ಎಂದ ಜುಂಜಪ್ಪ. “ನಂದೀಶ್ವರಯ್ಯನೋರ ಹಿತ್ತಲ ಕತ್ತಾಳೆ ಬೇಲಿ ವರ್ಷಕ್ಕೊಂದು ಮೊಳ ನಡ್ಕಂಡು ಬಂದು ಅದನ್ನ ನುಂಗೈತಲ್ಲ.”

ನಕ್ಷೆ ನಡೆದು ಬರುವುದಿಲ್ಲವೆಂದು ನಂದೀಶ್ವರಯ್ಯನವರು ಹೇಳಿದ್ದರು. ಬೇಲಿಯ ಮಾತು ಹೇಳಿರಲಿಲ್ಲ.

“ಹದಿನೈದನೆಯ ದಿವಸ ಇವತ್ತು. ಆ ಜಾಗದಲ್ಲಿ ಗುಂಡಿ ಇಲ್ಲ,” ಎಂದರು ಅಮಲ್ದಾರರು. ಹುಣಸೆಪಾಳ್ಯದವರು ಹಾರದ ಗಂಟು ಬಿಚ್ಚತೊಡಗಿದರು. ಪಟೇಲರು ಅಮಲ್ದಾರರ ಕಾಲಿಗೆ ಬಿದ್ದರು. ರಾಗಿ ಸಿಕ್ಕ ಸಂತೋಷದಲ್ಲಿದ್ದ ಅಮಲ್ದಾರರು ಸ್ವಲ್ಪ ಕರಗಿ, “ಹೊತ್ತು ಮುಳುಗುವವರೆಗೆ ಕಾಯುತ್ತೇನೆ. ಆಳುದ್ದ ಗುಂಡಿ ಇರಬೇಕು. ಒಂದು ಗೇಣು ಕಮ್ಮಿಯಾದರೂ ಬಾವಿ ಹುಣಸೆಪಾಳ್ಯಕ್ಕೆ,” ಎಂದರು.

ಊರಿಗೆ ಊರೇ ಹಾರೆ ಗುದ್ದಲಿ ಹೊತ್ತು ತೆಂಕಲಿಗೆ ಓಡಿತು. ನಂದೀಶ್ವರಯ್ಯನವರು ಎಲ್ಲರಿಗಿಂತ ಮುಂದೆ ಓಡಿ, ಬೇಲಿಗೆ ಅಡ್ಡ ನಿಂತು, ಛತ್ರಿ ಬಿಚ್ಚಿ ಗುರಾಣಿಯಂತೆ ಹಿಡಿದರು.

“ಸ್ವಾಮಿ, ದಮ್ಮಯ್ಯ! ಊರನ್ನ ಉತ್ತರಕ್ಕೆ ತಲೆ ಮಾಡಿ ಮಲಗಿಸಬಾರದು! ಅನಿಷ್ಟ! ಅಜ್ಜೀನ ಕೇಳಿ!”

ಎಲ್ಲರೂ ಅಶ್ವತ್ಥಮ್ಮಜ್ಜಿಯ ಕಡೆ ನೋಡಿದರು. ಅಜ್ಜಿ ಹುಣಸೆಪಾಳ್ಯದವರ ಹಾರದ ಕಡೆ ಒಮ್ಮೆ ನೋಡಿದಳು.

“ಮಲಗ್ಸಿದ್ರೆ ತಾನೇ ಅನಿಷ್ಟ? ಎತ್ತಿ ನಿಲ್ಸ್ರಪ್ಪ ಅದನ್ನ. ನಿಂತೋರ ತಲೆ ಯಾವತ್ತೂ ಮ್ಯಾಲಕ್ಕೇ ಇರತೈತೆ.”

ಶಾಸ್ತ್ರ ಹೀಗೆ ಪರಿಹಾರವಾಯಿತು. ದಲಾಯತ ನಕ್ಷೆಯನ್ನು ಎತ್ತಿ ಹಿಡಿದು ನಿಂತ. ಓವರ್ಸಿಯರ್ ಕಡ್ಡಿ ಊರಿದರು. ಅಗೆತ ಶುರುವಾಯಿತು.

ಆದರೆ ತೆಂಕಲ ಗುಂಡಿನ ಬುಡದ ನೆಲ ಹುಡುಗಾಟದ್ದಲ್ಲ. ಮೇಲೆ ಗೇಣುದ್ದ ಮಣ್ಣು, ಕೆಳಗೆ ಸುಣ್ಣಕಲ್ಲಿನಂಥ ಗಟ್ಟಿ ಗರಸು. ಮೂರು ಹಾರೆಗಳ ಮೊನೆ ಮುರಿಯಿತು. ಹೊತ್ತು ಪಡುವಲಿಗೆ ವಾಲಿತು. ಗುಂಡಿ ಮೊಣಕಾಲು ದಾಟಲಿಲ್ಲ. ಹುಣಸೆಪಾಳ್ಯದವನೊಬ್ಬ ಬೇಲಿಯಾಚೆಯಿಂದ, “ನಿಧಾನ ಕಣ್ರಪ್ಪ, ನೀರು ಬೇಕಾದ್ರೆ ನಮ್ಮೂರಿಗೆ ಬನ್ನಿ. ಇನ್ಮೇಲೆ ಎಲ್ಡು ಬಾವಿ ಇರ್ತಾವೆ,” ಎಂದ. ನಂದೀಶ್ವರಯ್ಯನವರು ಪಕ್ಕದಲ್ಲಿ ನಿಂತು, ಪ್ರತಿಯೊಂದು ಏಟಿಗೂ “ಅಲ್ಲೇ, ಅಲ್ಲೇ, ಆ ಕಡೆ ಈ ಕಡೆ ಹೋಗಬೇಡಿ,” ಎಂದು ಹುರಿದುಂಬಿಸುತ್ತಿದ್ದರು. ಇಷ್ಟು ಹುರುಪಿನ ಮುಖದಲ್ಲಿ ಅಷ್ಟು ಬೆವರು ಯಾಕೆಂದು ಜುಂಜಪ್ಪನಿಗೆ ಅನುಮಾನವಾಯಿತು.

ಆಗ ಹಿತ್ತಲ ಬಾಗಿಲಿನಲ್ಲಿ ನಾಗರತ್ನಮ್ಮ ಕಾಣಿಸಿಕೊಂಡಳು. ಸೊಂಟದ ಮೇಲೆ ಖಾಲಿ ಕೊಡ. ಸಂಜೆಯ ನೀರಿಗೆ ಹುಣಸೆಪಾಳ್ಯಕ್ಕೆ ಹೊರಡುವ ಹೊತ್ತು. ಬೇಲಿಯಾಚೆ ಹಾರ ಹಿಡಿದವರನ್ನು ನೋಡಿದಳು. ವಾಲಿದ ಸೂರ್ಯನನ್ನು ನೋಡಿದಳು. ಗಂಡನ ಛತ್ರಿಯನ್ನು ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ, ದಿನಕ್ಕೆರಡು ಸಲ, ಹೋಗಿ ಬರಲು ಮೂರು ಮೈಲಿ. ಈ ಲೆಕ್ಕ ಯಾವ ನಕ್ಷೆಯಲ್ಲೂ ಇರಲಿಲ್ಲ.

ಅವಳು ಕೊಡವನ್ನು ಕುಕ್ಕಿ ಇಳಿಸಿದಳು.

“ಅಲ್ಲಲ್ಲ ಕಣ್ರಪ್ಪ,” ಎಂದಳು. “ಇನ್ನೊಂಚೂರು ತೆಂಕಲಾಗೆ.”

“ಲೇ!” ಎಂದರು ನಂದೀಶ್ವರಯ್ಯ.

“ಇನ್ನೊಂಚೂರು. ಹಾಂ. ಆ ತಿಪ್ಪೆ ಸರ್ಸಿ. ಈಗ ಹಾಕು ಜುಂಜಪ್ಪ.”

ಜುಂಜಪ್ಪ ಹಾರೆ ಹಾಕಿದ. ಠಣ್.

ಆ ಸದ್ದಿನ ಅರ್ಥ ಬೆಳಗ್ಗೆಯೇ ಕಲಿತಿದ್ದ ಊರು ಯಾರೂ ಹೇಳದೆಯೇ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಚಪ್ಪಡಿ ಎತ್ತಿದರು. ದಲಾಯತ ಉದ್ದನೆಯ ಗಳುವನ್ನು ರಾಗಿಯೊಳಗೆ ತಳದವರೆಗೂ ಇಳಿಸಿ ಅಳೆದು ನೋಡಿದ. ಹಗೇವು ಎರಡಾಳುದ್ದ ಇತ್ತು.

ಓವರ್ಸಿಯರ್ ನಕ್ಷೆಯನ್ನೂ ಗುಂಡಿಯನ್ನೂ ನೋಡಿದರು. “ಗುರುತಿನಿಂದ ಮೂರು ಗಜ ಆಚೆ. ಇಷ್ಟು ವ್ಯತ್ಯಾಸ ನನ್ನ ಸೀಸದಕಡ್ಡಿಯ ದಪ್ಪದಲ್ಲೇ ಇದೆ. ನಡೆಯುತ್ತೆ ಸಾರ್.”

ಅಮಲ್ದಾರರು ಬಹಳ ಗಂಭೀರವಾಗಿ ನಂದೀಶ್ವರಯ್ಯನವರ ಕಡೆ ತಿರುಗಿದರು. “ಸರ್ಕಾರ ಆಳುದ್ದ ಕೇಳಿದರೆ ತಾವು ಎರಡಾಳುದ್ದ ಮುಂಚಿತವಾಗಿಯೇ ತೋಡಿಟ್ಟಿದ್ದೀರಿ. ಇಂಥ ಪ್ರಜೆಗಳು ಅಪರೂಪ. ರಾಗಿ ಡಿಪೋಗೆ ಹೋಗಲಿ, ಬಾವಿ ಜೋಡಿಗುಂಡಿನಹಳ್ಳಿಗೆ.”

ಹುಣಸೆಪಾಳ್ಯದವರು ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಅಶ್ವತ್ಥಮ್ಮಜ್ಜಿ ಅದನ್ನು ಕಿತ್ತುಕೊಂಡು ನಾಗರತ್ನಮ್ಮನ ಖಾಲಿ ಕೊಡದ ಕೊರಳಿಗೆ ಹಾಕಿದಳು. ಚನ್ನಮಲ್ಲಯ್ಯನವರು ಹದಿನೈದು ದಿನದಲ್ಲಿ ಮೊದಲ ಸಲ ನಕ್ಕು, “ನಿಮ್ಮ ಪುಣ್ಯ ಭಾವ!” ಎಂದರು.

ಬಾವಿ ನಾಲ್ಕಾಳುದ್ದಕ್ಕೆ ಸಿಹಿನೀರು ಕೊಟ್ಟಿತು. ಮೊದಲ ವರ್ಷ ನೀರಿಗೆ ಸ್ವಲ್ಪ ರಾಗಿಯ ವಾಸನೆಯಿತ್ತೆಂದು ಹುಣಸೆಪಾಳ್ಯದವರು ಈಗಲೂ ಹೇಳುತ್ತಾರೆ. ನಕ್ಷೆಯನ್ನು ಚಾವಡಿಯ ಗೋಡೆಗೆ ನಿಲ್ಲಿಸಿ ಮೊಳೆ ಹೊಡೆದರು. ಅದರ ಕೆಳಗೆ ಕೂರಲು ಮಾತ್ರ ದೊಡ್ಡ ಕುಳಗಳು ಯಾರೂ ಒಪ್ಪಲಿಲ್ಲ. ದಲಾಯತ ಸುರುಳಿ ಹಿಡಿದು ಬಂದರೆ ಸಾಕು, ಅದು ಸಿಡುಬಿನ ಚುಚ್ಚುಮದ್ದಿನ ನೋಟೀಸೇ ಆಗಿರಲಿ, ಊರಿನ ಅರ್ಧ ಹಿತ್ತಿಲುಗಳಲ್ಲಿ ಹೊಸದಾಗಿ ಸಗಣಿ ಸಾರಿಸಿದ ವಾಸನೆ ಏಳುತ್ತಿತ್ತು.

ನಂದೀಶ್ವರಯ್ಯನವರು ಛತ್ರಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದರು. ಉತ್ತರದ ಮೇಲೆ ಅವರಿಗೆ ಮೊದಲೇ ನಂಬಿಕೆಯಿರಲಿಲ್ಲ. ಈಗ ದಕ್ಷಿಣದ ಮೇಲೂ ಹೋಗಿತ್ತು. ಅಂದಿನಿಂದ ಮೂಡಲಿಗೆ ತಲೆ ಹಾಕಿ ಮಲಗುವುದನ್ನು ರೂಢಿ ಮಾಡಿಕೊಂಡರು. ಬೆನ್ನು ತುರಿಸಿದರೂ ಹೆಂಡತಿಗೆ ದಿಕ್ಕು ಹೇಳುತ್ತಿರಲಿಲ್ಲ.